ಪುಷ್ಯ ಬಹುಳ ಪಂಚಮಿಯ ಸುದ್ದಿ: ಹಳೆಯ ಮೈಸೂರು ಪತ್ರಿಕೆಗಳಲ್ಲಿ ಒಬ್ಬ ಉಪಾಧ್ಯಾಯರನ್ನು ಹುಡುಕಿದ ಪ್ರಕರಣ

ಮೂಲತಃ ಮೈಸೂರಿನವರಾದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಒಂದು ಮನೆತನದವರು ಮೂರು ತಲೆಮಾರುಗಳಿಂದ ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಒಬ್ಬ ಹಿರಿಯರ ಶ್ರಾದ್ಧವನ್ನು ನಡೆಸಿಕೊಂಡು ಬಂದಿದ್ದಾರೆ. ತಿಥಿ ಒಮ್ಮೆಯೂ ತಪ್ಪಿಲ್ಲ. ಆ ಹಿರಿಯರು ತೀರಿಕೊಂಡ ವರ್ಷ ಮಾತ್ರ ಮನೆಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅವರ ಮರಿಮಗಳು ನನ್ನ ಬಳಿಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: ಮುತ್ತಜ್ಜನ ಸಾವಿನ ಸುದ್ದಿ ಅಂದಿನ ಪತ್ರಿಕೆಯಲ್ಲಿ ಬಂದಿತ್ತೆಂದು ಮನೆಯಲ್ಲಿ ಹೇಳುತ್ತಾರೆ, ಆ ಪತ್ರಿಕೆ ಸಿಕ್ಕೀತೆ? ಮನೆತನದವರ ಕೋರಿಕೆಯಂತೆ ಈ ಬರಹದಲ್ಲಿ ಅವರ ಹೆಸರನ್ನಾಗಲಿ, ಕೊನೆಗೆ ಸುದ್ದಿ ದೊರೆತ ಪತ್ರಿಕೆಯ ಹೆಸರನ್ನಾಗಲಿ, ಅದನ್ನು ಇಟ್ಟುಕೊಂಡಿದ್ದ ಗ್ರಂಥಾಲಯದ ಹೆಸರನ್ನಾಗಲಿ ಕೊಟ್ಟಿಲ್ಲ. ಹುಡುಕಿದ ಕ್ರಮವನ್ನು ಮಾತ್ರ ನಡೆದಂತೆ ಬರೆದಿದ್ದೇನೆ.

ಮನೆಯವರು ಕೊಟ್ಟ ಸುಳಿವುಗಳು

ಮೊದಲ ಭೇಟಿಯಲ್ಲಿ ಮರಿಮಗಳು ಒಂದು ನೋಟ್‌ಪುಸ್ತಕವನ್ನು ತಂದಿದ್ದರು. ಅದರಲ್ಲಿ ಮನೆಯ ಹಿರಿಯರೆಲ್ಲರನ್ನೂ ಕೇಳಿ ಬರೆದುಕೊಂಡ ಮಾತುಗಳಿದ್ದವು. ಮುತ್ತಜ್ಜ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು, ಮೈಸೂರಿನಲ್ಲಿಯೇ ತೀರಿಕೊಂಡರು, ಸುದ್ದಿ ಪ್ರಜಾವಾಣಿಯಲ್ಲಿ ಭಾವಚಿತ್ರದೊಂದಿಗೆ ಬಂದಿತ್ತು, ಅರಮನೆಯಿಂದ ಸಂತಾಪದ ಕಾಗದ ಬಂದಿತ್ತು ಎಂಬುವು ಅವುಗಳಲ್ಲಿ ಮುಖ್ಯವಾದವು. ತೀರಿಕೊಂಡ ಸಂವತ್ಸರ ರಕ್ತಾಕ್ಷಿ ಎಂದು ಒಂದು ಕವಲಿನವರೂ ರುಧಿರೋದ್ಗಾರಿ ಎಂದು ಇನ್ನೊಂದು ಕವಲಿನವರೂ ಹೇಳಿದ್ದರು. ತೊಂಬತ್ತು ದಾಟಿದ ಒಬ್ಬ ಅಜ್ಜಿ ಮಾತ್ರ ಸಂವತ್ಸರದ ಗೊಡವೆಗೆ ಹೋಗದೆ ತಮ್ಮ ಅತ್ತೆ ಹೇಳುತ್ತಿದ್ದ ಮಾತೊಂದನ್ನು ನೆನಪಿಸಿಕೊಂಡಿದ್ದರು: "ಎಳ್ಳು ಬೀರಿ ಬಂದ ಮಾರನೆಯ ದಿನವೇ ಮನೆಯಲ್ಲಿ ಸೂತಕ; ತಟ್ಟೆಗಳನ್ನು ಇನ್ನೂ ತೊಳೆದಿರಲಿಲ್ಲ."

ಈ ಮಾತುಗಳಲ್ಲಿ ಒಂದನ್ನು ಅಲ್ಲಿಯೇ ಬದಿಗಿಡಬಹುದಾಗಿತ್ತು. ಪ್ರಜಾವಾಣಿ ಪ್ರಾರಂಭವಾದದ್ದು 1948ರ ಅಕ್ಟೋಬರ್ 15ರಂದು. ಮುತ್ತಜ್ಜ ಅದಕ್ಕೆ ಬಹಳ ಮೊದಲೇ ತೀರಿಕೊಂಡಿದ್ದರೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಇದು ಸುಳ್ಳು ನೆನಪಲ್ಲ. ಹಲವು ಮನೆಗಳಲ್ಲಿ ಪತ್ರಿಕೆಯೆಂದರೆ ಪ್ರಜಾವಾಣಿಯೇ ಆಗಿಬಿಟ್ಟ ಕಾಲದಲ್ಲಿ, "ಪೇಪರಿನಲ್ಲಿ ಬಂದಿತ್ತು" ಎಂಬ ಹಳೆಯ ಮಾತಿಗೆ ಹೊಸ ಹೆಸರು ಅಂಟಿಕೊಂಡಿದೆ, ಅಷ್ಟೆ. ಕರಾವಳಿಯ ಮನೆಗಳಲ್ಲಿ ಇದೇ ಬಗೆಯಾಗಿ 1970ರಲ್ಲಿ ಹುಟ್ಟಿದ ಉದಯವಾಣಿಯ ಹೆಸರು ಅದಕ್ಕೂ ಹಿಂದಿನ ಸುದ್ದಿಗಳಿಗೆ ಅಂಟಿಕೊಂಡಿರುವುದನ್ನು ನೋಡಿದ್ದೇನೆ. ಮನೆಯವರು ಹೇಳುವ ಪತ್ರಿಕೆಯ ಹೆಸರನ್ನು ನಂಬಿ ಹುಡುಕಾಟವನ್ನು ಆರಂಭಿಸಿದವರು ಅನೇಕ ವೇಳೆ ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಡುತ್ತಾರೆ.

ಮರಿಮಗಳು ನನ್ನ ಬಳಿಗೆ ಬರುವ ಮೊದಲೇ ಒಂದು ಪ್ರಯತ್ನವನ್ನು ಮಾಡಿದ್ದರು. ಸಂವತ್ಸರಗಳ ಪಟ್ಟಿಯೊಂದರಲ್ಲಿ ರಕ್ತಾಕ್ಷಿಯ ಮುಂದೆ 1924 ಎಂದು ಇದ್ದುದನ್ನು ನೋಡಿ, ಸಂಕ್ರಾಂತಿಯ ಸುಮಾರಿಗೆ ಎಂಬ ಮಾತನ್ನೂ ಸೇರಿಸಿಕೊಂಡು, 1924ರ ಜನವರಿ ತಿಂಗಳ ಸಂಚಿಕೆಗಳಿಗಾಗಿ ಎರಡು ದಿನ ಒಂದು ಗ್ರಂಥಾಲಯದಲ್ಲಿ ಕುಳಿತು, ಸಿಕ್ಕಿದ ಪುಟಗಳನ್ನೆಲ್ಲ ಓದಿ, ಏನೂ ದೊರೆಯದೆ ಹಿಂದಿರುಗಿದ್ದರು.

ತಿಥಿಯಿಂದ ತಾರೀಖಿಗೆ

ತಪ್ಪು ಆದದ್ದು ಎಲ್ಲಿ ಎಂಬುದು ಸ್ಪಷ್ಟವಾಗಿತ್ತು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಲೆಕ್ಕ. ರಕ್ತಾಕ್ಷಿ ಸಂವತ್ಸರ 1924ರ ಏಪ್ರಿಲ್ ಮೊದಲ ವಾರದಲ್ಲಿ ಆರಂಭವಾಗಿ 1925ರ ಮಾರ್ಚ್ ಕೊನೆಯ ವಾರದವರೆಗೆ ಇತ್ತು. ಚೈತ್ರದಿಂದ ಮಾರ್ಗಶಿರದವರೆಗಿನ ತಿಥಿಗಳು ಹೆಚ್ಚುಕಡಮೆ ಪಟ್ಟಿಯಲ್ಲಿರುವ ಇಸವಿಯಲ್ಲಿಯೇ ಬೀಳುತ್ತವೆ. ಪುಷ್ಯ, ಮಾಘ, ಫಾಲ್ಗುನಗಳ ತಿಥಿಗಳು ಬಹುಮಟ್ಟಿಗೆ ಮುಂದಿನ ಇಸವಿಗೆ ಹೋಗುತ್ತವೆ. ಆದ್ದರಿಂದ ರಕ್ತಾಕ್ಷಿಯ ಪುಷ್ಯ ಬಹುಳವನ್ನು 1925ರ ಜನವರಿಯಲ್ಲಿ ಹುಡುಕಬೇಕಾಗಿತ್ತು. 1924ರ ಜನವರಿ ಸೇರುವುದು ಹಿಂದಿನ ರುಧಿರೋದ್ಗಾರಿಗೆ. ಪಟ್ಟಿಯಲ್ಲಿ ಒಂದೇ ಇಸವಿಯನ್ನು ಬರೆದು ಬಿಡುವ ಅಭ್ಯಾಸ ಇನ್ನೆಷ್ಟು ಜನರ ದಿನಗಳನ್ನು ಹಾಳುಮಾಡಿದೆಯೋ ತಿಳಿಯದು.

ಆದರೆ ಎರಡು ಕವಲಿನವರು ಎರಡು ಸಂವತ್ಸರಗಳನ್ನು ಹೇಳುತ್ತಿದ್ದರಲ್ಲ, ಅವುಗಳಲ್ಲಿ ಯಾವುದು ಸರಿ? ಅರವತ್ತು ಸಂವತ್ಸರಗಳ ಚಕ್ರದಲ್ಲಿ ರುಧಿರೋದ್ಗಾರಿ ಐವತ್ತೇಳನೆಯದು, ರಕ್ತಾಕ್ಷಿ ಐವತ್ತೆಂಟನೆಯದು. ಅಕ್ಕಪಕ್ಕದವು, ಎರಡರ ಹೆಸರಿನಲ್ಲಿಯೂ ನೆತ್ತರಿದೆ. ಬಾಯಿಂದ ಬಾಯಿಗೆ ಬರುವಾಗ ಒಂದು ಇನ್ನೊಂದಾಗುವುದು ಸಹಜ. ಇದನ್ನು ತೀರ್ಮಾನಿಸಲು ನೆರವಾದದ್ದು ಅಜ್ಜಿಯ ಎಳ್ಳಿನ ತಟ್ಟೆಯ ಮಾತು.

ಮಕರ ಸಂಕ್ರಾಂತಿ ಸೌರಮಾನದ ಹಬ್ಬ. ಅದು ಪ್ರತಿವರ್ಷ ಹೆಚ್ಚುಕಡಮೆ ಅದೇ ತಾರೀಖಿಗೆ ಬರುತ್ತದೆ, ಆ ಕಾಲದಲ್ಲಿ ಜನವರಿ 13 ಅಥವಾ 14ಕ್ಕೆ ಬರುತ್ತಿತ್ತು. ಪುಷ್ಯ ಬಹುಳ ಪಂಚಮಿ ಚಾಂದ್ರಮಾನದ ತಿಥಿ. ಅದು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ, ಅಧಿಕಮಾಸ ಬಂದಾಗ ಮುಂದಕ್ಕೆ ನೆಗೆಯುತ್ತಾ ಇರುತ್ತದೆ. ಈ ಎರಡೂ ಅಕ್ಕಪಕ್ಕದ ದಿನಗಳಲ್ಲಿ ಕೂಡಿಬರುವುದು ಅಪರೂಪ. ಒಮ್ಮೆ ಕೂಡಿದರೆ ಸಾಮಾನ್ಯವಾಗಿ ಹತ್ತೊಂಬತ್ತು ವರ್ಷಗಳ ನಂತರ ಮತ್ತೆ ಕೂಡುತ್ತವೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1911ರಲ್ಲಿ ಪ್ರಕಟಿಸಿದ ಕಾಲಗಣನೆಯ ಗ್ರಂಥದಲ್ಲಿ ಕ್ರಿ.ಶ. 2000ದವರೆಗಿನ ತಿಥಿಗಳನ್ನು ಲೆಕ್ಕಹಾಕಲು ಬೇಕಾದ ಕೋಷ್ಟಕಗಳಿವೆ. ಶಾಸನಗಳನ್ನು ಓದುವವರು ಅದನ್ನು ಬಳಸುತ್ತಾ ಬಂದಿದ್ದಾರೆ. ಮನೆತನದ ಚರಿತ್ರೆಗೂ ಅದು ಅಷ್ಟೇ ಉಪಯುಕ್ತ. ಲೆಕ್ಕ ಹಾಕಿ ನೋಡಿದಾಗ 1924ರ ಜನವರಿಯಲ್ಲಿ ಪುಷ್ಯ ಬಹುಳ ಪಂಚಮಿ ಬಂದದ್ದು ತಿಂಗಳ ಕೊನೆಯ ವಾರದಲ್ಲಿ, ಸಂಕ್ರಾಂತಿ ಕಳೆದು ಹತ್ತು ದಿನಗಳಿಗೂ ಮೀರಿದ ಮೇಲೆ. 1925ರಲ್ಲಿ ಅದು ಬಂದದ್ದು ಜನವರಿ 14ರ ಬುಧವಾರ, ಸಂಕ್ರಾಂತಿಯ ಮಗ್ಗುಲಲ್ಲಿಯೇ. ಇದೇ ರೀತಿ ಕೂಡಿಬಂದ ಇತರ ವರ್ಷಗಳೆಂದರೆ 1906 ಮತ್ತು 1944. ಒಂದೆರಡು ದಿನಗಳ ಅಂತರವನ್ನು ಒಪ್ಪಿಕೊಂಡರೆ 1917, 1933 ಮತ್ತು 1936. 1906ರ ನಂತರ ಹುಟ್ಟಿದ ಮಕ್ಕಳು ಇದ್ದುದರಿಂದ ಅದು ಹೋಯಿತು. ಉಳಿದವು ಮನೆಯವರು ಹೇಳಿದ ಎರಡು ಸಂವತ್ಸರಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಹೀಗೆ, ಒಂದೇ ಒಂದು ಪತ್ರಿಕೆಯನ್ನೂ ತೆರೆಯದೆ, ಹುಡುಕಾಟ ಎರಡು ವರ್ಷಗಳ ಹರವಿನಿಂದ ಒಂದು ಬುಧವಾರಕ್ಕೆ ಇಳಿಯಿತು. ಶ್ರಾದ್ಧದ ತಿಥಿಯನ್ನು ಪ್ರತಿವರ್ಷ ಆಚರಣೆಯಲ್ಲಿ ಬಳಸುವುದರಿಂದ ಅದು ಅಳಿಸಿಹೋಗುವುದಿಲ್ಲ. ಇಸವಿಯನ್ನು ಯಾರೂ ಬಳಸುವುದಿಲ್ಲ, ಆದ್ದರಿಂದ ಅದೇ ಮೊದಲು ಮರೆಯುತ್ತದೆ. ನಮ್ಮ ಕಡೆಯ ಮನೆತನಗಳ ವಿಷಯದಲ್ಲಿ ನಾನು ಮೊದಲು ಕೇಳುವುದು ಈಗ ಇಸವಿಯನ್ನಲ್ಲ, ತಿಥಿಯನ್ನು. ಅದರ ಜೊತೆಗೆ ಆ ದಿನದ ಹತ್ತಿರ ಯಾವ ಹಬ್ಬವಿತ್ತು ಎಂಬುದನ್ನು.

ಅಂದು ಮೈಸೂರಿನಲ್ಲಿ ಯಾವ ಪತ್ರಿಕೆಗಳಿದ್ದವು?

ಮುಂದಿನ ಪ್ರಶ್ನೆ, 1925ರ ಜನವರಿಯಲ್ಲಿ ಒಬ್ಬ ಉಪಾಧ್ಯಾಯರ ಸಾವನ್ನು ಅಚ್ಚುಮಾಡಬಹುದಾಗಿದ್ದ ಪತ್ರಿಕೆಗಳು ಯಾವುವು ಎಂಬುದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಮೈಸೂರಿನಲ್ಲಿ ಪತ್ರಿಕೋದ್ಯಮ ಬೇರೂರಿದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. ವೆಸ್ಲಿಯನ್ ಮಿಷನ್ನಿನವರು 1887ರಲ್ಲಿ ವೃತ್ತಾಂತ ಪತ್ರಿಕೆ ಎಂಬ ವಾರಪತ್ರಿಕೆಯನ್ನು ಆರಂಭಿಸಿ ದೀರ್ಘಕಾಲ ನಡೆಸಿದರು. ಯಜಮಾನ್ ವೀರಸಂಗಪ್ಪನವರ ಮೈಸೂರು ಸ್ಟಾರ್ ಇತ್ತು. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ಮೈಸೂರಿನವರೆಲ್ಲ ತಾತಯ್ಯ ಎಂದೇ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ವೃತ್ತಾಂತ ಚಿಂತಾಮಣಿ, ಸಾಧ್ವಿ, ಸಂಪದಭ್ಯುದಯ, ಇಂಗ್ಲಿಷಿನ ಮೈಸೂರು ಹೆರಾಲ್ಡ್, ಮೈಸೂರು ಪೇಟ್ರಿಯಟ್ ಮುಂತಾದವುಗಳ ಹಿಂದೆ ಒಂದಲ್ಲ ಒಂದು ಕಾಲದಲ್ಲಿ ಇದ್ದವರು. 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ಕಾನೂನು ಬಂದು ಹಲವು ಪತ್ರಿಕೆಗಳು ನಿಂತುಹೋದವು. ಹಾಗಾಗಿ, ಒಂದು ಪತ್ರಿಕೆ ಹುಟ್ಟಿದ ವರ್ಷ ಗೊತ್ತಿದ್ದರೆ ಸಾಲದು, ನಮಗೆ ಬೇಕಾದ ತಿಂಗಳಲ್ಲಿ ಅದು ಬದುಕಿತ್ತೇ ಎಂಬುದನ್ನೂ ನೋಡಬೇಕು. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಮುದ್ರಣಾಲಯ ಮತ್ತು ಪತ್ರಿಕೆಗಳ ಬಗೆಗೆ ಬರುವ ಭಾಗವನ್ನು ಇದಕ್ಕಾಗಿ ಓದುವುದು ಒಳ್ಳೆಯದು.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ವೀರಸಂಗಪ್ಪನವರ ಮೈಸೂರು ಸ್ಟಾರ್ ಬೇರೆ, 1978ರಲ್ಲಿ ಆರಂಭವಾಗಿ ಇಂದಿಗೂ ಹೊರಡುತ್ತಿರುವ ಸ್ಟಾರ್ ಆಫ್ ಮೈಸೂರು ಬೇರೆ. ಗ್ರಂಥಾಲಯದ ಸೂಚಿಯಲ್ಲಿ ಹುಡುಕುವಾಗ ಇವೆರಡೂ ಒಟ್ಟಿಗೆ ಬರಬಹುದು. ಹೆಸರು ನೋಡಿ ಸಂತೋಷಪಟ್ಟು ಕಟ್ಟು ತರಿಸಿದ ಮೇಲೆ ಒಳಗೆ ದೂರದರ್ಶನದ ಜಾಹೀರಾತುಗಳು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಬೆಂಗಳೂರಿನ ಪತ್ರಿಕೆಗಳನ್ನೂ ಪೂರ್ಣವಾಗಿ ಬಿಡುವಂತಿರಲಿಲ್ಲ. ಆದರೆ ಅಂದಿನ ಬೆಂಗಳೂರು ಒಂದು ಊರಲ್ಲ, ಎರಡು. 1881ರಿಂದ 1947ರ ಜುಲೈವರೆಗೆ ದಂಡು ಪ್ರದೇಶ ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಪೇಟೆ ಸಂಸ್ಥಾನಕ್ಕೆ ಸೇರಿತ್ತು. ದಂಡಿನ ಇಂಗ್ಲಿಷ್ ಪತ್ರಿಕೆ ಡೈಲಿ ಪೋಸ್ಟ್ ಮೈಸೂರಿನ ಕನ್ನಡ ಉಪಾಧ್ಯಾಯರೊಬ್ಬರ ಸಾವಿಗೆ ಸ್ಥಳ ಕೊಡುತ್ತಿತ್ತೆಂದು ನಿರೀಕ್ಷಿಸುವುದು ಕಷ್ಟ. ಪೇಟೆಯ ಕಡೆ ತಿರುಮಲೆ ತಾತಾಚಾರ್ಯ ಶರ್ಮರ ವಿಶ್ವ ಕರ್ನಾಟಕ ಇತ್ತು. ಅದರ ಮನಸ್ಸೆಲ್ಲ ರಾಜಕೀಯದಲ್ಲಿ. ನನ್ನ ಅಂದಾಜು ಮೈಸೂರಿನ ವಾರಪತ್ರಿಕೆಗಳ ಕಡೆಗೇ ವಾಲಿತ್ತು. ಅದಕ್ಕೆ ಕಾರಣವಿದೆ: ಆ ಊರಿನ ಪತ್ರಿಕಾ ಜಗತ್ತನ್ನು ಕಟ್ಟಿದವರಲ್ಲಿ ಹಲವರು ಸ್ವತಃ ಉಪಾಧ್ಯಾಯರು. ಒಬ್ಬ ಮೇಷ್ಟರ ವರ್ಗಾವಣೆ, ನಿವೃತ್ತಿ, ಸಾವು ಅವರಿಗೆ ಸುದ್ದಿಯೇ ಆಗಿತ್ತು.

ಗಣಕಯಂತ್ರದ ಮುಂದೆ ಕಳೆದ ವಾರ

ಮರಿಮಗಳ ಒತ್ತಾಯಕ್ಕೆ ಒಂದು ವಾರ ಅಂತರಜಾಲದಲ್ಲಿ ಹುಡುಕಿದೆವು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಭಾರತದಲ್ಲಿ ನಡೆಯುತ್ತಿದ್ದ ಕೆಲವು ಇಂಗ್ಲಿಷ್ ಪತ್ರಿಕೆಗಳಿವೆ. ಅಲ್ಲಿ ಸಿಗುವುದು ಮುಖ್ಯವಾಗಿ ಸಾಹೇಬರ ಮದುವೆ, ಮರಣ, ಹಡಗಿನ ಪ್ರಯಾಣ. 1838ರಿಂದ ಹೊರಡುತ್ತಿರುವ ಟೈಮ್ಸ್ ಆಫ್ ಇಂಡಿಯಾದ ಹಳೆಯ ಸಂಚಿಕೆಗಳು ವಿಶ್ವವಿದ್ಯಾಲಯಗಳ ಮೂಲಕ ಚಂದಾ ಕೊಟ್ಟು ನೋಡುವಂತಿವೆ. ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಗ್ರಂಥ ಸಂಜೀವನಿ ತಾಣದಲ್ಲಿ ಬಾಂಬೆ ಕ್ರಾನಿಕಲ್ ಇದೆ. ಧಾರವಾಡ, ಬೆಳಗಾವಿ, ಕಾರವಾರದ ಕಡೆಯ ಮನೆತನದವರಾಗಿದ್ದರೆ ಇವು ಕೆಲಸಕ್ಕೆ ಬರುತ್ತಿದ್ದವು, ಏಕೆಂದರೆ ಆ ಜಿಲ್ಲೆಗಳು ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಅದೇ ರೀತಿ ಮಂಗಳೂರಿನವರು ಮದರಾಸಿನ ಹಿಂದೂ ಮತ್ತು ಮದ್ರಾಸ್ ಮೇಲ್ ಪತ್ರಿಕೆಗಳ ಕಡೆಗೆ ತಿರುಗಬೇಕು. ಇಂದಿನ ಕರ್ನಾಟಕದ ನಕ್ಷೆಯನ್ನು ಮುಂದಿಟ್ಟುಕೊಂಡು ಹಳೆಯ ಪತ್ರಿಕೆಯನ್ನು ಹುಡುಕಲು ಹೋದರೆ ದಾರಿ ತಪ್ಪುತ್ತದೆ. 1956ಕ್ಕೆ ಮೊದಲು ಸುದ್ದಿ ಹರಿಯುತ್ತಿದ್ದ ದಿಕ್ಕೇ ಬೇರೆ.

ಕನ್ನಡ ಪತ್ರಿಕೆಗಳ ಮಟ್ಟಿಗೆ ಹೆಸರು ಬರೆದು ಗುಂಡಿ ಒತ್ತಿದರೆ ಪುಟ ತೆರೆದುಕೊಳ್ಳುವಂಥ ವ್ಯವಸ್ಥೆಯನ್ನು ನಾವು ಕಾಣಲಿಲ್ಲ. ಸ್ಕ್ಯಾನ್ ಆಗಿರುವ ಹಳೆಯ ಪುಟಗಳಲ್ಲಿಯೂ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಿಕೊಂಡಿರುತ್ತವೆ, ಅರ್ಕಾವತ್ತು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ, ಸವೆದ ಅಚ್ಚುಮೊಳೆಗಳಲ್ಲಿ ಪ ಮತ್ತು ಷ ಒಂದೇ ಆಗಿರುತ್ತವೆ. ಯಂತ್ರ ಓದಿ ಕೊಟ್ಟ ಪಠ್ಯದಲ್ಲಿ ಹೆಸರನ್ನು ಹುಡುಕಿ ಸಿಗಲಿಲ್ಲವೆಂದರೆ ಆ ಹೆಸರು ಅಲ್ಲಿಲ್ಲವೆಂದು ಅರ್ಥವಲ್ಲ. ಈ ವಾರದಿಂದ ದೊರೆತ ಲಾಭವೆಂದರೆ, ಕಾಗದವನ್ನೇ ತಿರುವಬೇಕು ಎಂಬುದನ್ನು ಮರಿಮಗಳು ಒಪ್ಪಿಕೊಂಡದ್ದು.

ಕಾಗದ ಉಳಿದದ್ದು ಎಲ್ಲಿ?

ಪುಸ್ತಕಗಳನ್ನು ನಿಗದಿತ ಗ್ರಂಥಾಲಯಗಳಿಗೆ ಕಡ್ಡಾಯವಾಗಿ ಒಪ್ಪಿಸಬೇಕೆಂಬ ಕಾನೂನು ಸ್ವತಂತ್ರ ಭಾರತದಲ್ಲಿ ಬಂದದ್ದು 1954ರಲ್ಲಿ. ಪತ್ರಿಕೆಗಳು ಅದರ ವ್ಯಾಪ್ತಿಗೆ ಬಂದದ್ದು 1956ರ ತಿದ್ದುಪಡಿಯಿಂದ. ಅದಕ್ಕೆ ಮೊದಲಿನ ಸಂಸ್ಥಾನದ ಒಂದು ವಾರಪತ್ರಿಕೆ ಇಂದಿಗೂ ಉಳಿದಿದೆಯೆಂದರೆ ಬಹುಪಾಲು ಯಾರದೋ ಹಟದಿಂದ ಅಥವಾ ಯಾರದೋ ಸೋಮಾರಿತನದಿಂದ ಉಳಿದಿದೆ: ಸಂಪಾದಕರ ಮನೆಯ ಅಟ್ಟದಲ್ಲಿ, ಮಿಷನ್ನಿನ ದಫ್ತರಗಳಲ್ಲಿ, ಮಠಗಳ ಗ್ರಂಥಭಂಡಾರದಲ್ಲಿ, ಕಟ್ಟು ಹಾಕಿಸಿ ಇಡುವ ಪದ್ಧತಿಯಿದ್ದ ಒಂದೆರಡು ವಾಚನಾಲಯಗಳಲ್ಲಿ. ಉಳಿದ ವಾಚನಾಲಯಗಳು ತಿಂಗಳ ಕೊನೆಯಲ್ಲಿ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಮಾರುತ್ತಿದ್ದವು. ಮುತ್ತಜ್ಜನ ಸಾವಿನ ಸುದ್ದಿಯ ಹಲವು ಪ್ರತಿಗಳು ದೇವರಾಜ ಮಾರುಕಟ್ಟೆಯಲ್ಲಿ ಕಡಲೆಕಾಯಿಯ ಪೊಟ್ಟಣಗಳಾಗಿ ಮುಗಿದಿರಬೇಕು. ಮಿಷನ್ನಿನ ಪ್ರಕಟಣೆಗಳಿಗೆ ಹೋಲಿಕೆಯಲ್ಲಿ ಅದೃಷ್ಟ ಹೆಚ್ಚು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪ್ರಾಟೆಸ್ಟೆಂಟ್ ಮಿಷನ್‌ಗಳ ದಾಖಲೆಗಳ ಭಂಡಾರವಿದೆ. ವೆಸ್ಲಿಯನ್ ಮಿಷನ್ನಿನ ಲಂಡನ್ ಕಚೇರಿಯ ಕಾಗದಪತ್ರಗಳು ಅಲ್ಲಿಯ ಸೋಆಸ್ (ಪೌರ್ವಾತ್ಯ ಮತ್ತು ಆಫ್ರಿಕನ್ ಅಧ್ಯಯನಗಳ ಸಂಸ್ಥೆ) ಗ್ರಂಥಾಲಯದಲ್ಲಿವೆ.

ನಾವು ಐದು ಕಡೆ ಕೇಳಿದೆವು. ಎರಡು ಕಡೆ ಆ ಕಾಲದ ಪತ್ರಿಕೆಗಳೇ ಇರಲಿಲ್ಲ. ಒಂದು ಕಡೆ ಸೂಚಿಯಲ್ಲಿ ಇದ್ದ ಕಟ್ಟು ಕಪಾಟಿನಲ್ಲಿ ಇರಲಿಲ್ಲ, ಅದು ಯಾವಾಗ ಹೋಯಿತೆಂದು ಹೇಳುವವರೂ ಇರಲಿಲ್ಲ. ನಾಲ್ಕನೆಯದರಲ್ಲಿ ಮೈಕ್ರೊಫಿಲ್ಮ್ ಸುರುಳಿ ಇತ್ತು, ನೋಡುವ ಯಂತ್ರ ಕೆಟ್ಟಿತ್ತು. ಐದನೆಯ ಕಡೆ, ನಾಲ್ಕನೆಯ ಭೇಟಿಯಲ್ಲಿ, ಮೈಸೂರಿನ ಒಂದು ವಾರಪತ್ರಿಕೆಯ 1924–25ರ ಸಂಚಿಕೆಗಳ ಕಟ್ಟು ದೊರೆಯಿತು. ಅದರ ಸ್ಥಿತಿ ಹೇಳುವಂತಿರಲಿಲ್ಲ. ಅದೇ ಕೋಣೆಯಲ್ಲಿದ್ದ 1860ರ ದಶಕದ ಮುದ್ರಿತ ಪುಸ್ತಕವೊಂದರ ಹಾಳೆಗಳು ಬಟ್ಟೆಯ ನಾರಿನಿಂದ ಮಾಡಿದವಾದ್ದರಿಂದ ಇನ್ನೂ ಮೆತ್ತಗಿದ್ದವು. ಅದಕ್ಕಿಂತ ಅರವತ್ತು ವರ್ಷ ಕಿರಿಯದಾದ ಪತ್ರಿಕೆ ಮರದ ತಿರುಳಿನ ಅಗ್ಗದ ಕಾಗದವಾದ್ದರಿಂದ, ತನ್ನೊಳಗಿನ ಆಮ್ಲಕ್ಕೆ ತಾನೇ ತುತ್ತಾಗಿ, ಅಂಚು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಹಾಳೆಯನ್ನು ಮೂಲೆಯಿಂದ ಎತ್ತದೆ, ಕೆಳಗೆ ದಪ್ಪ ರಟ್ಟಿನ ತುಂಡನ್ನು ತೂರಿಸಿ ಪೂರ್ತಿಯಾಗಿ ಮಗುಚುವುದನ್ನು ಅಲ್ಲಿಯ ಹಿರಿಯ ಸಹಾಯಕರೊಬ್ಬರು ತೋರಿಸಿಕೊಟ್ಟರು. ಒಂದು ಸಂಚಿಕೆಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು.

ಜನವರಿ ಮೂರನೆಯ ವಾರದ ಸಂಚಿಕೆ, ಅಂದರೆ ಸುದ್ದಿ ಬರಬೇಕಾಗಿದ್ದ ಸಂಚಿಕೆಯೇ, ಕಟ್ಟಿನಲ್ಲಿ ಇರಲಿಲ್ಲ. ನಾಲ್ಕನೆಯ ವಾರದ್ದರಲ್ಲಿ ಮೊದಲ ಹಾಳೆ ಅರ್ಧ ಹರಿದಿತ್ತು.

ಸಾವಿಗೆ ಇದ್ದ ಹೆಸರುಗಳು

ಇಲ್ಲಿಯೇ ಮರಿಮಗಳು ಕಟ್ಟನ್ನು ಹಿಂದಿರುಗಿಸಲು ಎದ್ದರು. ನಾನು ತಡೆದೆ. ವಾರಪತ್ರಿಕೆಯಲ್ಲಿ ಒಂದು ಸಾವು ಒಂದೇ ಬಾರಿ ಬರಬೇಕೆಂದಿಲ್ಲ. ಮೊದಲು ಎರಡು ಸಾಲಿನ ಶೋಕವಾರ್ತೆ. ಊರಿನ ಬಾತ್ಮೀದಾರರು ತಡವಾಗಿ ಬರೆದರೆ ಎರಡು ವಾರ ಬಿಟ್ಟು ಇನ್ನೊಮ್ಮೆ. ಸತ್ತವರು ಉಪಾಧ್ಯಾಯರಾಗಿದ್ದರೆ ಶಿಷ್ಯರು ಸೇರಿಸಿದ ಸಂತಾಪ ಸಭೆಯ ವರದಿ ಮತ್ತೂ ತಡವಾಗಿ. ಹದಿಮೂರು ದಿನ ಕಳೆಯುವ ಮೊದಲು ಸಭೆ ಸೇರಿಸುವುದೂ ಅಪರೂಪ. ಹೀಗಾಗಿ ಫೆಬ್ರವರಿ ಮುಗಿಯುವವರೆಗೆ ಓದಬೇಕೆಂದು ನಿಶ್ಚಯಿಸಿದೆವು.

ಓದುವಾಗ ಕಣ್ಣಿಗೆ ಅಭ್ಯಾಸವಾಗಬೇಕಾದ ಮಾತುಗಳಿವೆ. ಇಂದಿನ ಪತ್ರಿಕೆಗಳ "ನಿಧನ" ಎಂಬ ಒಂದೇ ತಲೆಬರಹವನ್ನು ಅಲ್ಲಿ ಹುಡುಕಬಾರದು. ದೈವಾಧೀನರಾದರು, ಸ್ವರ್ಗಸ್ಥರಾದರು, ಕಾಲವಶರಾದರು ಎಂಬುವು ಸಾಮಾನ್ಯ. ಶ್ರೀವೈಷ್ಣವರಾದರೆ ಪರಮಪದವನ್ನು ಹೊಂದಿದರು, ಮಾಧ್ವರಾದರೆ ಹರಿಪಾದವನ್ನು ಸೇರಿದರು, ವೀರಶೈವರಾದರೆ ಲಿಂಗೈಕ್ಯರಾದರು. ಕ್ರಿಯಾಪದವೇ ಮನೆತನದ ಗುರುತನ್ನು ಹೇಳಿಬಿಡುತ್ತದೆ. ಗಂಡಸರ ಹೆಸರಿನ ಹಿಂದೆ ಮ॥ ರಾ॥ ಎಂಬ ಸಂಕ್ಷೇಪ ಇದ್ದರೆ ಅದು ಮಹಾರಾಜರಾಜಶ್ರೀ ಎಂಬ ಗೌರವಸೂಚಕ, ಹೆಸರಿನ ಭಾಗವಲ್ಲ. ಅದನ್ನು ತಂದೆಯ ಹೆಸರಿನ ಅಕ್ಷರವೆಂದು ತಿಳಿದು ವಂಶವೃಕ್ಷ ಬರೆದವರೂ ಇದ್ದಾರೆ. ಹೆಂಗಸರದ್ದಂತೂ ಇನ್ನೊಂದು ಕಥೆ. ಆ ಎರಡು ತಿಂಗಳ ಸಂಚಿಕೆಗಳಲ್ಲಿ ನಾವು ಓದಿದ ಹೆಂಗಸರ ಮರಣವಾರ್ತೆಗಳಲ್ಲಿ ಹೆಚ್ಚಿನವು ಇಂಥವರ ಧರ್ಮಪತ್ನಿ, ಇಂಥವರ ಮಾತೃಶ್ರೀ ಎಂದು ಮುಗಿದಿದ್ದವು. ಇದೇ ಮನೆತನದ ಮುತ್ತಜ್ಜಿಯನ್ನು ಹುಡುಕಿಕೊಡಿ ಎಂದು ಕೇಳಿದ್ದರೆ ಈ ಬರಹವನ್ನು ಬರೆಯುವ ಸಂದರ್ಭ ಬರುತ್ತಿರಲಿಲ್ಲವೇನೋ.

ಪುಟಗಳನ್ನು ತಿರುವುವಾಗ ತಾರೀಖು ಹರಿದುಹೋಗಿದ್ದ ಹಾಳೆಗಳ ಕಾಲವನ್ನು ಗುರುತಿಸಲು ಸುತ್ತಲಿನ ಸುದ್ದಿಗಳು ನೆರವಾದವು. 1924ರ ಡಿಸೆಂಬರ್ ಕೊನೆಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಪ್ರಸ್ತಾಪವಿದ್ದರೆ ಹಾಳೆ ಅದರ ನಂತರದ್ದು. 1924ರ ಜುಲೈಯಲ್ಲಿ ಕಾವೇರಿಗೆ ಬಂದ ಮಹಾಪ್ರವಾಹದ ಪರಿಹಾರದ ಮಾತು ಇನ್ನೂ ನಡೆಯುತ್ತಿದ್ದರೆ ಅದು ಪ್ರವಾಹಕ್ಕೆ ಬಹಳ ದೂರದ್ದಲ್ಲ. ದಿವಾನರೆಂದು ಬ್ಯಾನರ್ಜಿಯವರ ಹೆಸರಿದ್ದರೆ 1926ಕ್ಕೆ ಈಚಿನದಾಗಲಾರದು.

ಬಿ ಎಂಬ ಅಕ್ಷರ

ಫೆಬ್ರವರಿ ಮಧ್ಯದ ಸಂಚಿಕೆಯೊಂದರ ಸ್ಥಳೀಯ ವೃತ್ತಾಂತದ ಅಂಕಣದಲ್ಲಿ, ಹದಿನಾಲ್ಕು ಸಾಲುಗಳ ಒಂದು ವರದಿ ಇತ್ತು. ಪೂರ್ವ ವಿದ್ಯಾರ್ಥಿಗಳು ಶಾಲೆಯಲ್ಲಿ ಸೇರಿ, ಕಳೆದ ತಿಂಗಳಲ್ಲಿ ದೈವಾಧೀನರಾದ ತಮ್ಮ ಉಪಾಧ್ಯಾಯರಿಗಾಗಿ ಸಂತಾಪ ಸೂಚಿಸಿ, ಅವರ ಹೆಸರಿನಲ್ಲಿ ಗಣಿತದಲ್ಲಿ ಮೊದಲಿಗನಾದ ಹುಡುಗನಿಗೆ ವರ್ಷಂಪ್ರತಿ ಒಂದು ಬಹುಮಾನವನ್ನು ಕೊಡಲು ಹಣ ಕೂಡಿಸಿದರೆಂಬುದು ಅದರ ಸಾರ. ಶಾಲೆ ಮನೆಯವರು ಹೇಳಿದ ಶಾಲೆಯೇ. ಹೆಸರೂ ಅದೇ. ಆದರೆ ಹೆಸರಿನ ಹಿಂದಿನ ಅಕ್ಷರ ಮನೆಯವರು ಹೇಳುತ್ತಿದ್ದ ಎಂ ಅಲ್ಲ, ಬಿ. ಮರಿಮಗಳು ಅದನ್ನು ಎರಡು ಬಾರಿ ಓದಿ, ಇವರು ನಮ್ಮವರಲ್ಲ ಎಂದರು.

ಆ ಕ್ಷಣದಲ್ಲಿ ನನಗೂ ಹಾಗೆಯೇ ಅನ್ನಿಸಿತೆಂಬುದನ್ನು ಒಪ್ಪಿಕೊಳ್ಳಬೇಕು. ಅದೇ ಹೆಸರಿನ ಇಬ್ಬರು ಉಪಾಧ್ಯಾಯರು ಒಂದೇ ಊರಿನಲ್ಲಿ ಇರುವುದು ಅಸಂಭವವಲ್ಲ. ಅಚ್ಚಿನ ತಪ್ಪೂ ಇರಬಹುದು. ವರದಿಯ ಕೊನೆಯ ವಾಕ್ಯವನ್ನು ಓದಿದ ಮೇಲೆ ವಿಷಯ ತಿಳಿಯಿತು. ಮೃತರು ಹೊಳೆನರಸೀಪುರದ ಸೀಮೆಯ ಒಂದು ಗ್ರಾಮದಲ್ಲಿ ಹುಟ್ಟಿದವರೆಂದು ಅಲ್ಲಿ ಹೇಳಿತ್ತು. ಆ ಗ್ರಾಮದ ಹೆಸರು ಬಕಾರದಿಂದ ಆರಂಭವಾಗುತ್ತಿತ್ತು. ನಮ್ಮ ಕಡೆ ಹೆಸರಿನ ಹಿಂದಿನ ಮೊದಲ ಅಕ್ಷರ ಹೆಚ್ಚಾಗಿ ಊರನ್ನು ಸೂಚಿಸುತ್ತದೆ. ಹಳ್ಳಿಯಿಂದ ಬಂದ ಮುತ್ತಜ್ಜ ಜೀವಮಾನವೆಲ್ಲ ಬಿ ಎಂದೇ ಬರೆದುಕೊಂಡಿದ್ದರು. ಮೈಸೂರಿನಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೈಸೂರಿನ ಎಂ ಬಂತು. ಎರಡು ತಲೆಮಾರು ಕಳೆದ ಮೇಲೆ ಅವರ ಹೆಸರನ್ನು ಹೇಳುವಾಗಲೂ ಮಕ್ಕಳ ಅಕ್ಷರವೇ ಹಿಂದಕ್ಕೆ ಹೋಗಿ ಅಂಟಿಕೊಂಡಿತ್ತು. ಹೆಸರಿನಿಂದ ಹುಡುಕುವ ಯಾವ ವ್ಯವಸ್ಥೆ ಇದ್ದಿದ್ದರೂ, ಎಂ ಎಂದು ಬರೆದು ಹುಡುಕಿದ್ದರೆ, ಅದು ಇವರನ್ನು ಕಾಣದೆ ದಾಟಿಹೋಗುತ್ತಿತ್ತು.

ಇದನ್ನು ಊಹೆಯಾಗಿ ಬಿಡುವುದು ಸರಿಯಲ್ಲವೆಂದು ಮೈಸೂರು ಗೆಜೆಟಿನ ಕಡೆಗೆ ತಿರುಗಿದೆವು. ಸರ್ಕಾರಿ ನೌಕರರ ನೇಮಕ, ವರ್ಗಾವಣೆ, ರಜೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರಲ್ಲಿ ಅಚ್ಚಾಗುತ್ತಿದ್ದವು. ಓದಲು ಅದರಷ್ಟು ನೀರಸವಾದದ್ದು ಇಲ್ಲ, ಮನೆತನದ ಚರಿತ್ರೆಗೆ ಅದರಷ್ಟು ನೆಚ್ಚಬಹುದಾದದ್ದೂ ಕಡಮೆ. ಪತ್ರಿಕೆಯ ವರದಿಯಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಮೈಸೂರು ಎಂದು ಅವರು ಕೆಲಸ ಮಾಡಿದ ಊರುಗಳ ಉಲ್ಲೇಖವಿದ್ದುದರಿಂದ ಯಾವ ಜಿಲ್ಲೆಯ ಪಟ್ಟಿಯನ್ನು ನೋಡಬೇಕೆಂಬುದು ತಿಳಿದಿತ್ತು. ಮೂರು ಕಡೆಗಳಲ್ಲಿಯೂ ಬಿ ಎಂಬ ಅಕ್ಷರದೊಂದಿಗೇ ಅವರ ಹೆಸರು ದೊರೆಯಿತು. 1925ರ ಮಾರ್ಚಿನ ಒಂದು ಪ್ರಕಟಣೆಯಲ್ಲಿ, ದಿವಂಗತರಾದ ಅವರ ಸ್ಥಾನಕ್ಕೆ ಇನ್ನೊಬ್ಬರನ್ನು ನೇಮಿಸಿದ ವಿಷಯವಿತ್ತು. ಮನೆಯಲ್ಲಿದ್ದ ಒಂದು ಹಳೆಯ ಕ್ರಯಪತ್ರದಲ್ಲಿ ಮುತ್ತಜ್ಜನ ರುಜು ಇದೆಯೆಂದು ಅನಂತರ ತಿಳಿದುಬಂತು. ಅದನ್ನು ತೆಗೆದು ನೋಡಿದರೆ ಅಲ್ಲಿಯೂ ಬಿ. ಅಷ್ಟು ವರ್ಷ ಆ ಕಾಗದ ಪೆಟ್ಟಿಗೆಯಲ್ಲಿಯೇ ಇತ್ತು. ಜಮೀನಿನ ಎಲ್ಲೆಗಳನ್ನು ಎಲ್ಲರೂ ಓದಿದ್ದರು, ರುಜುವನ್ನು ಯಾರೂ ಓದಿರಲಿಲ್ಲ.

ಮನೆಯವರು ಹೇಳಿದ ಉಳಿದ ಮಾತುಗಳಲ್ಲಿ ಭಾವಚಿತ್ರದ್ದು ನಿಲ್ಲಲಿಲ್ಲ. ಆ ಪತ್ರಿಕೆಯ ಆ ಎರಡು ತಿಂಗಳ ಸಂಚಿಕೆಗಳಲ್ಲಿ ನಾವು ನೋಡಿದ ಮಟ್ಟಿಗೆ ಜಾಹೀರಾತುಗಳ ಅಚ್ಚುಪಡಿಗಳನ್ನು ಬಿಟ್ಟರೆ ಚಿತ್ರಗಳೇ ಇರಲಿಲ್ಲ. ಅರಮನೆಯ ಸಂತಾಪದ ಕಾಗದ ಬಹುಶಃ ಶಾಲೆಯ ಮುಖ್ಯಸ್ಥರು ಬರೆದ ಕಾಗದವಿರಬೇಕೆಂಬುದು ನನ್ನ ಅಭಿಪ್ರಾಯ. ಮರಿಮಗಳು ಅದನ್ನು ಒಪ್ಪಿಲ್ಲ, ಅರಮನೆಯ ಮುದ್ರೆಯಿದ್ದ ಲಕೋಟೆಯನ್ನು ತಮ್ಮ ದೊಡ್ಡಪ್ಪ ಕಂಡಿದ್ದರೆಂದು ಇಂದಿಗೂ ವಾದಿಸುತ್ತಾರೆ. ಎಳ್ಳಿನ ತಟ್ಟೆಯ ಮಾತು ಮಾತ್ರ ಅಕ್ಷರಶಃ ನಿಜವಾಯಿತು; ಹರಿದ ಹಾಳೆಯ ಉಳಿದ ಅರ್ಧದಲ್ಲಿ ಸಂಕ್ರಾಂತಿಯ ರಥೋತ್ಸವವೊಂದರ ವರದಿಯೂ ಅದರ ಕೆಳಗೆ ಶೋಕವಾರ್ತೆ ಎಂಬ ತಲೆಬರಹವೂ ಉಳಿದುಕೊಂಡಿದ್ದವು, ತಲೆಬರಹದ ಕೆಳಗಿನ ಕಾಗದ ಇರಲಿಲ್ಲ.

ಬಹುಮಾನದ ವಿಷಯವನ್ನು ವಿಚಾರಿಸಲು ಮರಿಮಗಳು ಶಾಲೆಗೆ ಹೋಗಿದ್ದರು. ಹಳೆಯ ದಾಖಲೆ ಪುಸ್ತಕವೊಂದರಲ್ಲಿ, 1930ರ ದಶಕದ ಕೊನೆಯವರೆಗೆ, ವರ್ಷಕ್ಕೊಂದು ಸಾಲಿನಂತೆ, ಗಣಿತದಲ್ಲಿ ಮೊದಲಿಗರಾದ ಹುಡುಗರ ಹೆಸರುಗಳಿದ್ದವು. ಅನಂತರದ ಪುಟಗಳಲ್ಲಿ ಬಹುಮಾನದ ಸುದ್ದಿಯಿಲ್ಲ. ಮುಂದಿನ ಪುಷ್ಯ ಬಹುಳ ಪಂಚಮಿಗೆ ಸಂಕಲ್ಪ ಹೇಳುವಾಗ ಯಾವ ಊರಿನವರೆಂದು ಹೇಳಬೇಕು ಎಂದು ಅವರ ಮನೆಯಲ್ಲಿ ಈಗ ಚರ್ಚೆ ನಡೆಯುತ್ತಿದೆಯಂತೆ.